ಕೌದಿ ಒಳಗಿಂದ ಸೌಂಡ್ ಕಮ್ಮಿ ಆಗಲ್ಲ: ನಾಲ್ಕು ವರ್ಷ ಬಳಸಿದ ಟಿವಿ ಸ್ಟಿಕ್ ಬಗ್ಗೆ

ನಮ್ಮ ಮನೆ ಟಿವಿ ದಿನಕ್ಕೆ ಎಂಟು ತಾಸು ಓಡುತ್ತೆ. ದಾವಣಗೆರೆ ವಿನೋಬನಗರದಲ್ಲಿ ಮನೆ. ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಒಂದು ಗೋಡೆಗೆ ಮೆಷಿನ್, ಎದುರು ಗೋಡೆಗೆ 32 ಇಂಚಿನ ಟಿವಿ, ನಡುವೆ ಅತ್ತೆಯ ಮಂಚ. ಅತ್ತೆ ಟಿವಿ ನೋಡುತ್ತಾರೆ, ನಾನು ಬ್ಲೌಸ್ ಹೊಲಿಯುತ್ತಾ ಟಿವಿ ಕೇಳುತ್ತೇನೆ. ಹಾಗಾಗಿ ಬಣ್ಣ ಎಷ್ಟು ಚಂದ, ಕಪ್ಪು ಎಷ್ಟು ಕಪ್ಪು ಅನ್ನೋ ವಿಮರ್ಶೆ ಬೇಕಾದವರಿಗೆ ಇಲ್ಲಿ ಏನೂ ಸಿಗಲ್ಲ. ನನ್ನ ಎರಡೂ ಕೈ ಬಟ್ಟೆ ಮೇಲೆ ಇರುತ್ತವೆ. ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಈ ಇಬ್ಬರ ಕೈಗೆ ಯಾವ ಯಂತ್ರ ಹೊಂದುತ್ತೆ ಅನ್ನೋದಷ್ಟೇ ನನಗೆ ಗೊತ್ತಿರೋದು.

ಟಿವಿ 2016ರದು, ಸ್ಮಾರ್ಟ್ ಅಲ್ಲ. ಇಂಥ ಟಿವಿಯಲ್ಲಿ ಇಂಟರ್‌ನೆಟ್‌ನಿಂದ ಆ್ಯಪ್ ತೋರಿಸೋ ಪುಟ್ಟ ಯಂತ್ರವೇ ಸ್ಟಿಕ್. ಹಿಂದೆ ಎರಡು ಎಚ್‌ಡಿಎಂಐ ತೂತು ಇವೆ, ಸ್ಟಿಕ್ ಚುಚ್ಚೋಕೆ ಒಂದು ಸಾಕು. 2021ರ ದೀಪಾವಳಿಗೆ ಸ್ಟಿಕ್ ತಂದೆವು. ನಮ್ಮ ಮಾಡೆಲ್ ಈಗ ಯಾವ ಅಂಗಡಿಯಲ್ಲೂ ಸಿಗಲ್ಲ, ಅದಕ್ಕೇ ಅದರ ಹೆಸರು ಹೇಳೋಕೆ ಹೋಗಲ್ಲ.

ಅದಕ್ಕೂ ಮೊದಲು ಒಂದು ಸಲ ಮೋಸ ಹೋಗಿದ್ದೆವು. 2020ರ ಲಾಕ್‌ಡೌನ್‌ನಲ್ಲಿ ಪರಿಚಯದವರೊಬ್ಬರ ಮೂಲಕ ಹೆಸರೇ ಕೇಳಿರದ ಒಂದು ಆಂಡ್ರಾಯ್ಡ್ ಬಾಕ್ಸ್ ಬಂತು. ಅಗ್ಗ, ಎಲ್ಲಾ ಆ್ಯಪ್ ಒಳಗೇ ಇದೆ, ದುಡ್ಡು ಕಟ್ಟೋದೇ ಬೇಡ ಅಂದಿದ್ದರು. ಟಿವಿ ಮೇಲೆ ಮೊಬೈಲ್ ಪರದೆ ಅಡ್ಡ ಮಲಗಿದ ಹಾಗೆ ಕಾಣೋದು. ಒಂದೊಂದು ಆ್ಯಪ್‌ಗೂ ಬಾಣದ ಗುರುತನ್ನ ರಿಮೋಟ್‌ನಿಂದ ಇರುವೆ ನಡೆಸಿದ ಹಾಗೆ ನಡೆಸಬೇಕು. ಅತ್ತೆ ಎರಡು ದಿನ ನೋಡಿ, "ಇದು ನನ್ನ ಕೈಲಿ ಆಗಂಗಿಲ್ಲವ್ವ, ಕೇಬಲ್ಲೇ ಹಾಕು" ಅಂದರು. ದುಡ್ಡು ಕಟ್ಟಿ ನೆಟ್‌ಫ್ಲಿಕ್ಸ್ ಹಾಕಿದರೂ ಚಿತ್ರ ಮಸುಕು. ಕಾರಣ ಆಮೇಲೆ ಮಗ ಹೇಳಿದ. ವೈಡ್‌ವೈನ್ ಅಂತ ಒಂದು ಬೀಗ ಇದೆಯಂತೆ, ಅದರ ಎಲ್1 ದರ್ಜೆ ಇಲ್ಲದ ಯಂತ್ರಕ್ಕೆ ಇಂಥ ಆ್ಯಪ್‌ಗಳು ಎಚ್‌ಡಿ ಬಿಡಲ್ಲ. ಚಿತ್ರ 480ಪಿ ಅನ್ನೋ ಕಮ್ಮಿ ಸ್ಪಷ್ಟತೆಗೇ ನಿಂತುಬಿಡುತ್ತೆ, ಇಂಟರ್‌ನೆಟ್ ಎಷ್ಟು ಜೋರಿದ್ದರೂ ಅಷ್ಟೇ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಬ್ಯಾಡ್‌ಬಾಕ್ಸ್ 2.0 ಅನ್ನೋ ಕಳ್ಳ ಜಾಲದ ಬಗ್ಗೆ ಒಂದು ಎಚ್ಚರಿಕೆ ಹೊರಡಿಸಿತು. ಇಂಥ ಹೆಸರಿಲ್ಲದ ಕೆಲವು ಬಾಕ್ಸ್‌ಗಳ ಒಳಗೆ ಮಾರೋಕೆ ಮೊದಲೇ ವೈರಸ್ ಕೂತಿರುತ್ತೆ, ಮನೆಯ ಇಂಟರ್‌ನೆಟ್ ಇನ್ಯಾರದೋ ಕಳ್ಳ ಕೆಲಸಕ್ಕೆ ಹೋಗುತ್ತೆ ಅಂತ. ನಮ್ಮ ಬಾಕ್ಸ್‌ನಲ್ಲಿ ಏನಿತ್ತೋ ದೇವರೇ ಬಲ್ಲ, ಅಷ್ಟು ಹೊತ್ತಿಗೆ ಅದು ಗುಜರಿಗೆ ಹೋಗಿ ವರ್ಷಗಳಾಗಿದ್ದವು.

ಸ್ಟಿಕ್ ಆರಿಸುವಾಗ ಮಗನದು ಒಂದೇ ಹಟ, 4ಕೆ ಬೇಕು ಅಂತ. ನಮ್ಮ ಟಿವಿ ಎಚ್‌ಡಿ ರೆಡಿ. ಅಡ್ಡಕ್ಕೆ 1366 ಚುಕ್ಕೆ, ಉದ್ದಕ್ಕೆ 768. 4ಕೆ ಅಂದರೆ ಅಡ್ಡಕ್ಕೇ 3840. ಲೀಟರ್ ತಂಬಿಗೆಗೆ ಕೊಡದ ನೀರು ಸುರಿದ ಹಾಗೆ. ಆ ದುಡ್ಡು ಉಳಿಸಿದೆ.

ಆದರೆ ತೀರಾ ಅಗ್ಗದ್ದನ್ನೂ ತರಲಿಲ್ಲ. ಅದಕ್ಕೆ ಕಾರಣ ರಿಮೋಟ್. ಆಗ ಮಾರುಕಟ್ಟೆಯಲ್ಲಿ ಅಮೆಜಾನ್‌ನವರ ಫೈರ್ ಟಿವಿ ಸ್ಟಿಕ್ ಲೈಟ್ ಅಂತ ಒಂದಿತ್ತು, 2020ರಲ್ಲಿ 2,999 ರೂಪಾಯಿಗೆ ಬಂದದ್ದು. ಅದರ ಜೊತೆಗೇ ಬಂದ ದೊಡ್ಡದರ ಬೆಲೆ 3,999. ಲೈಟ್‌ನ ರಿಮೋಟ್‌ನಲ್ಲಿ ಟಿವಿ ಆನ್ ಮಾಡೋ ಬಟನ್ನೂ ಇಲ್ಲ, ಸೌಂಡಿನ ಬಟನ್ನೂ ಇಲ್ಲ. ಒಬ್ಬರೇ ಇರೋ ಮನೆಗೆ ಅದು ಸಾಕು. ನಮ್ಮಲ್ಲಿ ಅಳತೆ ಕೊಡೋಕೆ ಹೆಂಗಸರು ಬಂದ ಕೂಡಲೇ ಸೌಂಡ್ ತಗ್ಗಿಸಬೇಕು, ಹೋದ ಕೂಡಲೇ ಏರಿಸಬೇಕು. ದಿನಕ್ಕೆ ಇಪ್ಪತ್ತು ಸಲ. ಅಷ್ಟೂ ಸಲ ಎರಡನೇ ರಿಮೋಟ್ ಹುಡುಕೋದಾದರೆ ಹೊಲಿಯೋದು ಯಾವಾಗ? ಗೂಗಲ್‌ನವರ ಇಂಥದ್ದೇ ಯಂತ್ರ ಕ್ರೋಮ್‌ಕಾಸ್ಟ್ ವಿಷಯವೂ ಬಂತು. ಹಳೆಯ ಕ್ರೋಮ್‌ಕಾಸ್ಟ್‌ಗಳಿಗೆ ರಿಮೋಟೇ ಇರಲಿಲ್ಲ, ಎಲ್ಲಾ ಫೋನಿನಿಂದಲೇ. ಅತ್ತೆ ಹತ್ತಿರ ಇರೋದು ಬಟನ್ ಫೋನು, ಹಾಗಾಗಿ ಮಾತು ಅಲ್ಲಿಗೇ ಮುಗಿಯಿತು. 2024ರ ಆಗಸ್ಟ್‌ನಲ್ಲಿ ಗೂಗಲ್ ಕ್ರೋಮ್‌ಕಾಸ್ಟ್ ತಯಾರಿಕೆಯನ್ನೇ ನಿಲ್ಲಿಸೋದಾಗಿ ಹೇಳಿತು.

ಈಗ ಕೌದಿ ಕಥೆ. ಸ್ಟಿಕ್ ಬಂದ ಮೊದಲ ಚಳಿಗಾಲ. ಅತ್ತೆ ಕೌದಿ ಹೊದ್ದು ರಿಮೋಟನ್ನ ಒಳಗೇ ಇಟ್ಟುಕೊಂಡು ಮಲಗಿ ನೋಡೋರು. ಧಾರಾವಾಹಿ ಬದಲಾಗೋದು, ಮುಂದೆ ಓಡೋದು, ನಿಲ್ಲೋದು, ಸೌಂಡ್ ಮಾತ್ರ ಕಮ್ಮಿ ಆಗ್ತಿರಲಿಲ್ಲ. "ರಿಮೋಟು ಅರ್ಧ ಸತ್ತೈತಿ ನೋಡವ್ವ" ಅಂದರು. ಸೆಲ್ ಬದಲಿಸಿದೆ. ಮತ್ತೆ ಅದೇ. ಕೌದಿ ಸರಿಸಿ ಟಿವಿ ಕಡೆ ಹಿಡಿದರೆ ಸರಿ, ಹೊದ್ದರೆ ಇಲ್ಲ. ಒಂದು ವಾರ ಆದಮೇಲೆ ತಿಳಿಯಿತು. ಇಂಥ ರಿಮೋಟ್‌ಗೆ ಎರಡು ನಾಲಿಗೆ. ಸ್ಟಿಕ್ ಜೊತೆ ಬ್ಲೂಟೂತ್‌ನಲ್ಲಿ ಮಾತಾಡುತ್ತೆ, ಅದಕ್ಕೆ ಕೌದಿಯೂ ಅಡ್ಡಿಯಲ್ಲ, ಗೋಡೆಯೂ ಅಷ್ಟಾಗಿ ಅಡ್ಡಿಯಲ್ಲ. ಟಿವಿಯ ಸೌಂಡಿಗೆ ಮಾತ್ರ ಹಳೇ ರಿಮೋಟ್‌ಗಳ ಥರ ಇನ್‌ಫ್ರಾರೆಡ್ ಬೆಳಕು, ಅದಕ್ಕೆ ಎದುರೆದುರು ದಾರಿ ಬೇಕು. ಕೈ ಹೊರಗೆ ಹಾಕಿ ಒತ್ತಬೇಕು ಅಂತ ಹೇಳಿದ ಮೇಲೆ ಅತ್ತೆಯ ದೂರು ನಿಂತಿತು. ನನಗೂ ಇದು ಪಾಠವೇ. ಕತ್ತರಿಸಿಟ್ಟ ಲೈನಿಂಗ್ ಬಟ್ಟೆ ರಾಶಿ ಕೆಳಗೆ ರಿಮೋಟ್ ಸಿಕ್ಕಿಕೊಂಡಾಗ, ಮೇಲಿಂದಲೇ ತಡಕಾಡಿ ಒತ್ತಿ ಧಾರಾವಾಹಿ ನಿಲ್ಲಿಸ್ತೀನಿ, ಸೌಂಡಿನ ಗೊಡವೆಗೆ ಹೋಗಲ್ಲ.

ರಿಮೋಟ್‌ಗೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿದ್ದೇವೆ. ನಗಬೇಡಿ. ಸಂಜೆ ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲೇ ಎಲ್ಲರೂ ಮುಟ್ಟೋದು. ಎಣ್ಣೆ ಬಟನ್ ಸಂದಿಗೆ ಇಳಿದರೆ ಅಲ್ಲಿಗೆ ಮುಗೀತು.

ಸ್ಟಿಕ್ ಬಂದ ಮೊದಲ ತಿಂಗಳು ಇನ್ನೊಂದು ಕಾಟ ಇತ್ತು. ಧಾರಾವಾಹಿಯಲ್ಲಿ ಸೊಸೆ ಬಾಯಿ ತೆಗೆಯೋ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಗಿ ಸ್ಟಿಕ್ ಮೊದಲಿಂದ ಶುರುವಾಗೋದು. ವೈರ್ ಕಾಣಬಾರದು ಅಂತ ಹಾಕಿಕೊಟ್ಟವರು ಸ್ಟಿಕ್‌ನ ವೈರನ್ನ ಟಿವಿಯ ಯುಎಸ್‌ಬಿಗೇ ಚುಚ್ಚಿದ್ದರು. ಹಳೇ ಟಿವಿಗಳ ಯುಎಸ್‌ಬಿ ಕೊಡೋದು ಅರ್ಧ ಆಂಪಿಯರ್, ಸ್ಟಿಕ್‌ಗೆ ಬೇಕಾಗಿದ್ದು ಒಂದು. ಪೆಟ್ಟಿಗೆಯಲ್ಲಿ ಬಂದ ಅಡಾಪ್ಟರ್ ತೆಗೆದು ಗೋಡೆಯ ಪ್ಲಗ್‌ಗೆ ಹಾಕಿದೆ, ಆವತ್ತಿಂದ ಇವತ್ತಿನವರೆಗೆ ಆ ಕಾಟ ಇಲ್ಲ. ನೋಡೋಕೆ ಚಂದ ಅಂತ ಯಾರಾದರೂ ಯುಎಸ್‌ಬಿಗೆ ಚುಚ್ಚೋಕೆ ಬಂದರೆ ಬೇಡ ಅನ್ನಿ.

ಕರೆಂಟ್ ಹೋದಾಗಿನ ಮಾತೇ ಬೇರೆ. ನಮ್ಮಲ್ಲಿ ಇನ್ವರ್ಟರ್ ಇದೆ, ಟಿವಿ, ಸ್ಟಿಕ್, ಫ್ಯಾನ್ ಅದರ ಮೇಲೆ. ರೂಟರ್ ಇರೋದು ಒಳಕೋಣೆಯಲ್ಲಿ, ಅಲ್ಲಿಗೆ ಇನ್ವರ್ಟರ್ ವೈರ್ ಎಳೆದಿಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಟಿವಿ ಉರಿಯುತ್ತೆ, ಇಂಟರ್‌ನೆಟ್ ಇಲ್ಲ. ಕೇಬಲ್ ಇದ್ದಾಗ ಈ ಸಮಸ್ಯೆ ಅತ್ತೆಗೆ ಗೊತ್ತೇ ಇರಲಿಲ್ಲ. "ದೀಪ ಉರಿಯಾಕತ್ತೈತಿ, ಟಿವಿ ಯಾಕ ಸುತ್ತಾಕತ್ತೈತಿ?" ಪರದೆ ಮೇಲೆ ಸುತ್ತೋ ಚಕ್ರಕ್ಕೆ ಅವರಿಟ್ಟ ಹೆಸರು ಗಿರಗಿಟ್ಲೆ. ರೂಟರ್‌ಗೆಂದೇ 12 ವೋಲ್ಟ್‌ನ ಪುಟ್ಟ ಯುಪಿಎಸ್ ಸಿಗುತ್ತೆ, ಅದನ್ನ ತಂದೆ. ನನ್ನ ಮಟ್ಟಿಗೆ ಸ್ಟಿಕ್ ಜೊತೆಗೇ ಕೊಳ್ಳಬೇಕಾದ ಸಾಮಾನು ಅದು.

ವೈಫೈ ಬಗ್ಗೆ ಒಂದು ಮಾತು. ರೂಟರ್‌ಗೂ ಟಿವಿಗೂ ನಡುವೆ ಒಂದು ಗೋಡೆ, ಅದಕ್ಕೆ ಒರಗಿ ನನ್ನ ಮದುವೆಯ ಕಬ್ಬಿಣದ ಬೀರು. 5 ಗಿಗಾಹರ್ಟ್ಸ್ ವೈಫೈ ಬೀರು ದಾಟಿ ಬರೋ ಹೊತ್ತಿಗೆ ಉಸಿರು ಬಿಡೋದು. 2.4ಕ್ಕೆ ಬದಲಿಸಿದೆ. ವೇಗ ಕಮ್ಮಿ ಆದರೂ ಗೋಡೆ ದಾಟೋದರಲ್ಲಿ ಅದು ಗಟ್ಟಿ. ಪೆಟ್ಟಿಗೆಯಲ್ಲಿ ಒಂದು ಗೇಣುದ್ದವೂ ಇಲ್ಲದ ಎಚ್‌ಡಿಎಂಐ ತುಂಡು ವೈರ್ ಬಂದಿತ್ತು, ಅದು ಯಾತಕ್ಕೆ ಅಂತ ಮೂಲೆಗೆ ಎಸೆದಿದ್ದೆ. ಆ ತುಂಡು ಹಾಕಿ ಸ್ಟಿಕ್ ಟಿವಿ ಬೆನ್ನಿನಿಂದ ಹೊರಗೆ ಜೋತುಬಿದ್ದ ಮೇಲೆ ವೈಫೈ ಇನ್ನೂ ಸುಧಾರಿಸಿತು. ಏಪ್ರಿಲ್ ಬಿಸಿಲಿಗೆ ಕೈಸುಡೋ ಹಾಗಿರ್ತಿದ್ದ ಸ್ಟಿಕ್‌ಗೂ ಗಾಳಿ ಸಿಕ್ಕಿತು. ವೇಗದ ಚಿಂತೆ ಬೇಡ. 1080ಪಿ, ಅಂದರೆ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಸಾಕು ಅನ್ನುತ್ತೆ ನೆಟ್‌ಫ್ಲಿಕ್ಸ್. ನಮ್ಮದು 30ರ ಫೈಬರ್. ಆದರೆ ಮೊಬೈಲ್ ಹಾಟ್‌ಸ್ಪಾಟ್ ನಂಬಿ ಸ್ಟಿಕ್ ತರಬೇಡಿ. ಎಚ್‌ಡಿ ಅಂದರೆ ತಾಸಿಗೆ ಹೆಚ್ಚು ಕಮ್ಮಿ 3 ಜಿಬಿ. ದಿನಕ್ಕೆ ಒಂದೂವರೆ ಜಿಬಿ ಸಿಗೋ ಪ್ಯಾಕ್ ಒಂದು ಧಾರಾವಾಹಿಯ ಆಯಸ್ಸಿಗೆ ಮುಗಿಯುತ್ತೆ.

ಚಂದಾ ವಿಷಯದಲ್ಲಿ ಮೊಬೈಲ್ ಪ್ಲಾನ್ ಬಲೆಗೆ ನಾವೂ ಬಿದ್ದೆವು. ಕಮ್ಮಿ ದುಡ್ಡಿನದು ಅಂತ ಹಾಕಿಸಿದ್ದು ಟಿವಿಯಲ್ಲಿ ಓಡಲೇ ಇಲ್ಲ. ಉದಾಹರಣೆಗೆ ನೆಟ್‌ಫ್ಲಿಕ್ಸ್ 2021ರ ಡಿಸೆಂಬರ್‌ನಲ್ಲಿ ಬೆಲೆ ಇಳಿಸಿದಾಗ 149ರ ಪ್ಲಾನ್ ಫೋನ್, ಟ್ಯಾಬ್ಲೆಟ್‌ಗೆ ಮಾತ್ರ, ಟಿವಿಗೆ 199ರಿಂದ ಶುರು. ಕಟ್ಟೋಕೆ ಮೊದಲು "ಟಿವಿ" ಅನ್ನೋ ಪದ ಇದೆಯಾ ನೋಡಿಕೊಳ್ಳಿ. ನಮಗೆ ಬೇಕಾದದ್ದು ಮೂರೇ. ಜೀ ಕನ್ನಡದ್ದಕ್ಕೆ ಜೀ5, ಉದಯದ್ದಕ್ಕೆ ಸನ್ ನೆಕ್ಸ್ಟ್, ಕಲರ್ಸ್ ಕನ್ನಡಕ್ಕೂ ಸುವರ್ಣಕ್ಕೂ ಜಿಯೋಹಾಟ್‌ಸ್ಟಾರ್. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ, ಹಾಟ್‌ಸ್ಟಾರ್ ಒಂದಾದ ಮೇಲೆ ಅತ್ತೆಗೆ ನೆನಪಿಡೋಕೆ ಒಂದು ಗುರುತು ಕಮ್ಮಿ ಆಯ್ತು.

ಸ್ಟಿಕ್‌ಗೆ ವಯಸ್ಸಾಗಿದ್ದು ಮೂರನೇ ವರ್ಷಕ್ಕೆ ಗೊತ್ತಾಯಿತು. ಪೆಟ್ಟಿಗೆ ಮೇಲೆ 8 ಜಿಬಿ ಅಂತ ಬರೆದಿದ್ದರೂ ಕೈಗೆ ಸಿಗೋದು ಐದರ ಆಸುಪಾಸು. ಆ್ಯಪ್‌ಗಳು ಒಂದೊಂದು ಅಪ್‌ಡೇಟ್‌ಗೂ ದಪ್ಪ ಆಗ್ತಾ ಹೋಗ್ತವೆ, ಜಾಗ ಇಲ್ಲ ಅನ್ನುತ್ತೆ, ಹೋಮ್ ಒತ್ತಿದರೆ ಆಕಳಿಸಿ ಏಳುತ್ತೆ. ತಿಂಗಳಿಗೊಮ್ಮೆ ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಶ್, ಅಂದರೆ ಆ್ಯಪ್‌ಗಳು ಕೂಡಿಟ್ಟ ತಾತ್ಕಾಲಿಕ ಕಸ, ತೆಗೀತೀನಿ, ಮಗ ಹಾಕಿದ ಗೇಮ್ ಅಳಿಸ್ತೀನಿ, ಅವನು ಮತ್ತೆ ಹಾಕ್ತಾನೆ. ಹೊಸದು ತರೋರು ಜಾಗ ಜಾಸ್ತಿ ಇರೋದನ್ನ ಕೇಳಿ. 4ಕೆಗೆ ಕೊಡೋ ದುಡ್ಡಿಗಿಂತ ಇದಕ್ಕೆ ಕೊಡೋದು ಸಾರ್ಥಕ.

ಮಾತಾಡಿ ಹುಡುಕೋ ಮೈಕ್ ಇದೆ. ನಮ್ಮದಕ್ಕೆ ಇಂಗ್ಲಿಷ್, ಹಿಂದಿ ಬರುತ್ತೆ, ಕನ್ನಡ ಬರಲ್ಲ. ಅತ್ತೆ ಧಾರಾವಾಹಿ ಹೆಸರು ಹೇಳಿದರೆ ಅದು ಯಾವುದೋ ಇಂಗ್ಲಿಷ್ ಅಡುಗೆ ವಿಡಿಯೋ ತೋರಿಸುತ್ತೆ. ಈಗ ಯಾರೂ ಆ ಬಟನ್ ಮುಟ್ಟಲ್ಲ.

ನಾಲ್ಕು ವರ್ಷದಲ್ಲಿ ನನಗೆ ತುಂಬಾ ಹಿಡಿಸಿದ್ದು ಮಾತ್ರ ಯಾವ ಜಾಹೀರಾತಿನಲ್ಲೂ ಕಾಣಲಿಲ್ಲ. ಸ್ಟಿಕ್‌ಗೆ ಬ್ಲೂಟೂತ್ ಹೆಡ್‌ಫೋನ್ ಜೋಡಿಸಬಹುದು. ಮದುವೆ ಸೀಸನ್‌ನಲ್ಲಿ ಹೆಮ್ಮಿಂಗ್, ಹುಕ್ಕು, ಸೀರೆ ಕುಚ್ಚು ಅಂತ ರಾತ್ರಿ ಹನ್ನೆರಡಾಗುತ್ತೆ. ಅತ್ತೆ ಒಂಬತ್ತೂವರೆಗೆ ಮಲಗಿರ್ತಾರೆ. ಟಿವಿ ಮೂಕ, ನನ್ನ ಕಿವಿಯಲ್ಲಿ ಮಾತು. ತುಟಿಗೂ ಮಾತಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತೆ, ಕುಚ್ಚು ಕಟ್ಟೋಳು ತುಟಿ ಯಾಕೆ ನೋಡಲಿ?

ಹೋದ ತಿಂಗಳು ಸೌಂಡ್ ಕಮ್ಮಿ ಮಾಡೋ ಬಟನ್ ಸವೆದು ಹೋಯಿತು. ಸ್ಟಿಕ್ಕೇ ಬದಲಿಸೋಣ ಅಂತ ಅತ್ತೆಯನ್ನೂ ಕರೆದುಕೊಂಡು ಪಿ.ಬಿ. ರಸ್ತೆಯ ಅಂಗಡಿಗೆ ಹೋದೆ. ಹುಡುಗ ಹೊಸ ಹೊಸ ಮಾಡೆಲ್ ತೋರಿಸಿದ. ಈಗ ಬಂದಿರೋ ಒಂದೆರಡರಲ್ಲಿ ಆಂಡ್ರಾಯ್ಡೇ ಇಲ್ಲವಂತೆ, ಅಮೆಜಾನ್‌ನವರ ವೇಗಾ ಅಂತ ಬೇರೆ ತಂತ್ರಾಂಶ, ಹೊರಗಿನ ಆ್ಯಪ್ ತಂದು ಹಾಕಿಕೊಳ್ಳೋ ಅಭ್ಯಾಸ ಇದ್ದವರಿಗೆ ಅದು ಆಗಿಬರಲ್ಲ. ನಮಗೆ ಆ ಅಭ್ಯಾಸ ಮೊದಲಿಂದಲೂ ಇಲ್ಲ. ಅತ್ತೆ ಒಂದೊಂದೇ ರಿಮೋಟ್ ಕೈಗೆ ತಗೊಂಡು ಕಣ್ಣು ಮುಚ್ಚಿ ಬೆರಳಾಡಿಸಿದರು. ಕೆಳಗೆ ಸಾಲಾಗಿ ನಾಲ್ಕು ಕಂಪನಿ ಹೆಸರಿನ ಬಟನ್.

"ಇವು ಏನಪ್ಪಾ?"

"ಅಜ್ಜಿ, ಒತ್ತಿದರೆ ಸೀದಾ ಆ ಆ್ಯಪ್ ಬರ್ತೈತಿ."

"ಇವು ನಾಕೂ ತಕ್ಕೊಂಬಿಟ್ಟು ಸೌಂಡಿಂದು ಒಂದು ದೊಡ್ಡದು ಮಾಡಿಕೊಡ್ರಲ್ಲ."

ಹುಡುಗ ನಕ್ಕ. ನಮ್ಮ ಸ್ಟಿಕ್‌ಗೆ ಹೊಂದೋ ರಿಮೋಟ್ ಒಂದನ್ನೇ ತಗೊಂಡು ಮನೆಗೆ ಬಂದೆವು. ಹೋಮ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಜೋಡಣೆ ಆಗುತ್ತೆ, ಮಗ ಕಾಲೇಜಿಂದ ಬರೋತನಕ ಕಾಯಬೇಕಿಲ್ಲ. ಹಳೇ ರಿಮೋಟ್‌ನ ಸೌಂಡ್ ಬಟನ್ ಮೇಲೆ, ಕತ್ತಲಲ್ಲೂ ಬೆರಳಿಗೆ ಸಿಗಲಿ ಅಂತ ಬ್ಲೌಸ್‌ಗೆ ಹಾಕೋ ಒಂದು ಮಣಿ ಅಂಟಿಸಿದ್ದೆ. ಹೊಸದಕ್ಕೆ ಎರಡು ಅಂಟಿಸಿದೆ, ಏರಿಸೋಕೆ ದಪ್ಪದ್ದು, ಇಳಿಸೋಕೆ ಸಣ್ಣದು. ಪ್ಲಾಸ್ಟಿಕ್ ಕವರ್ ಮಾತ್ರ ಮಣಿಯ ಮೇಲೆ ಸರಿಯಾಗಿ ಕೂರುತ್ತಿಲ್ಲ, ಸ್ವಲ್ಪ ದೊಡ್ಡ ಅಳತೆಯದು ಹುಡುಕಬೇಕು.