ಹಳೆಯ ವಿಂಚೆಸ್ಟರ್ 94: ಹಲವು ವರ್ಷ ಬಳಸಿದ ಮೇಲೆ ಅದರ ಗುರಿಯ ಬಗ್ಗೆ

1950ರ ದಶಕದಲ್ಲಿ ತಯಾರಾದ, .30-30 ಅಳತೆಯ ತೋಟೆಯ ವಿಂಚೆಸ್ಟರ್ ಮಾಡೆಲ್ 94 ಕಾರ್ಬೈನನ್ನು (ಗಿಡ್ಡ ನಳಿಗೆಯ ರೈಫಲ್) ಅಮೆರಿಕದ ಪೆನ್ಸಿಲ್ವೇನಿಯಾದ ಕಾಡುಗಳಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಇಲ್ಲಿ ಜಿಂಕೆ ಬೇಟೆಗೆ, ಒಂದು ಈಡು ಹಾರಿದೊಡನೆ ಮುಂದಿನ ತೋಟೆಯನ್ನು ತಾನೇ ಏರಿಸಿಕೊಳ್ಳುವ ಸೆಮಿ ಆಟೋಮ್ಯಾಟಿಕ್ ರೈಫಲ್ಲಿಗೆ ಅನುಮತಿಯಿಲ್ಲದ ಕಾರಣ ಕೈಯಿಂದ ಲಿವರ್ ಎಳೆದು ತೋಟೆ ಏರಿಸುವ ಇಂಥ ರೈಫಲ್ಲುಗಳು ಇಂದಿಗೂ ಮನೆಮನೆಯಲ್ಲಿವೆ. ಜಾನ್ ಬ್ರೌನಿಂಗ್ 1894ರಲ್ಲಿ ರೂಪಿಸಿದ ಈ ಮಾದರಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿದೆ. ಆದರೂ ಅದರ ಗುರಿ ನೆಚ್ಚಿಕೊಳ್ಳುವಂಥದ್ದಲ್ಲ ಎಂಬ ಮಾತು ಮಾತ್ರ ಅಳಿದಿಲ್ಲ. ನನ್ನ ಅನುಭವದಲ್ಲಿ ಆ ಮಾತು ಅರ್ಧ ಮಾತ್ರ ನಿಜ. ರೈಫಲ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತದೆ. ಅದನ್ನು ಪರೀಕ್ಷಿಸುವ ಕ್ರಮದಲ್ಲಿಯೇ ದೋಷವಿರುತ್ತದೆ.

ಬೋಲ್ಟ್ ಎಂಬ ಸರಳನ್ನು ಕೈಯಿಂದ ಹಿಂದೆಮುಂದೆ ಎಳೆದು ತೋಟೆ ಏರಿಸುವ ಒಳ್ಳೆಯ ಬೋಲ್ಟ್ ರೈಫಲ್ 100 ಗಜ ದೂರದಲ್ಲಿ ಒಂದು ಇಂಚಿನೊಳಗೆ ಮೂರು ಗುಂಡುಗಳನ್ನು ಕೂಡಿಸುತ್ತದೆ. ನನ್ನ 94 ಎರಡೂವರೆಯಿಂದ ಮೂರು ಇಂಚಿನೊಳಗೆ ಕೂಡಿಸುತ್ತದೆ. ಜಿಂಕೆಯ ಎದೆಗೂಡಿನಲ್ಲಿ ಗುಂಡು ತಗುಲಬೇಕಾದ ಜಾಗ ಸುಮಾರು 8 ಇಂಚು ಅಗಲವಿರುತ್ತದೆ, ಮತ್ತು ಈ ದಟ್ಟ ಕಾಡಿನಲ್ಲಿ ಹೆಚ್ಚಿನ ಜಿಂಕೆಗಳು 100 ಗಜದೊಳಗೇ ಕಣ್ಣಿಗೆ ಬೀಳುತ್ತವೆ. ಈ ಎರಡನ್ನೂ ಮುಂದಿಟ್ಟುಕೊಂಡು ನೋಡಿದರೆ ಮೂರು ಇಂಚು ಕೊರತೆಯಲ್ಲ.

ಇನ್ನು, ಗುಂಡುಗಳು ಚದುರುವುದಕ್ಕೆ ಕಾರಣ ರೈಫಲ್ಲಿನ ರಚನೆಯಲ್ಲಿಯೇ ಇದೆ. ಬೋಲ್ಟ್ ರೈಫಲ್ಲಿನ ಮರದ ಹಿಡಿ ಒಂದೇ ತುಂಡಾಗಿದ್ದು, ನಳಿಗೆಯನ್ನು ಅದಕ್ಕೆ ತಾಗದಂತೆ ಬಿಡಿಯಾಗಿ ನಿಲ್ಲಿಸಬಹುದು. 94ರಲ್ಲಿ ಆ ಮರ ಹಿಂದೆ, ಮುಂದೆ ಎಂದು ಎರಡು ತುಂಡು. ತೆಳುವಾದ ನಳಿಗೆಯ ಕೆಳಗೆ ತೋಟೆಗಳ ಕೊಳವೆ ತೂಗುತ್ತದೆ. ಕಬ್ಬಿಣದ ಪಟ್ಟಿಗಳು ನಳಿಗೆ, ಕೊಳವೆ, ಮುಂದಿನ ಮರ ಮೂರನ್ನೂ ಒಟ್ಟಿಗೆ ಬಿಗಿಯುತ್ತವೆ. ನಾಲ್ಕಾರು ಈಡು ಬಿಡದೆ ಹಾರಿಸಿದರೆ ನಳಿಗೆ ಕಾಯ್ದು ಹಿಗ್ಗುತ್ತದೆ, ತಣ್ಣಗೇ ಇರುವ ಕೊಳವೆಯೂ ಪಟ್ಟಿಯೂ ಅದನ್ನು ಹಿಡಿದೆಳೆಯುತ್ತವೆ, ಗುಂಡುಗಳು ಒಂದರ ಮೇಲೊಂದು ಏಣಿ ಹತ್ತಿದಂತೆ ಸಾಲಾಗಿ ಬೀಳತೊಡಗುತ್ತವೆ. ಶೂಟಿಂಗ್ ರೇಂಜಿಗೆ ಹೋಗಿ ಒಂದೇ ಸಮನೆ ಹತ್ತು ಗುಂಡು ಹಾರಿಸಿ, ಐದಾರು ಇಂಚು ಚದುರಿತೆಂದು ರೈಫಲ್ಲನ್ನು ಹಳಿಯುವವರು ಅಳೆಯುತ್ತಿರುವುದು ಈ ಕಾವನ್ನೇ. ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ತಣ್ಣನೆಯ ನಳಿಗೆಯ ಮೊದಲ ಈಡು, ಹೆಚ್ಚೆಂದರೆ ಎರಡನೆಯದು. ಆದ್ದರಿಂದ ನಾನು ಮೂರು ಗುಂಡು ಹಾರಿಸಿ, ನಳಿಗೆ ಕೈಗೆ ತಣ್ಣಗಾಗುವವರೆಗೆ ಕಾದು, ಮತ್ತೆ ಮೂರು ಹಾರಿಸುತ್ತೇನೆ. ಮರಳಿನ ಚೀಲವನ್ನು ನಳಿಗೆಗೆ ತಾಗಿಸದೆ, ರಿಸೀವರಿಗೆ (ನಳಿಗೆಯ ಹಿಂದಿನ, ಯಂತ್ರಭಾಗವಿರುವ ಲೋಹದ ಗೂಡು) ಹತ್ತಿರವಾಗಿ ಮುಂದಿನ ಮರದ ಕೆಳಗಿಡುತ್ತೇನೆ. ನಳಿಗೆಯನ್ನೇ ಚೀಲದ ಮೇಲಿಟ್ಟರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ.

ಹಳೆಯ 94 ಕೊಳ್ಳುವವರು ಎಲ್ಲಕ್ಕಿಂತ ಮೊದಲು ನಳಿಗೆಯ ಬಾಯಿಯನ್ನು ನೋಡಬೇಕು. ಈ ರೈಫಲ್ಲಿನ ಹಿಂಬದಿ ಮುಚ್ಚಿರುವುದರಿಂದ ಸ್ವಚ್ಛಗೊಳಿಸುವ ಸಲಾಕೆಯನ್ನು ಬಾಯಿಯಿಂದಲೇ ತೂರಿಸಬೇಕಾಗುತ್ತದೆ, ಮತ್ತು ದಶಕಗಟ್ಟಲೆ ಉಕ್ಕಿನ ಸಲಾಕೆ ಉಜ್ಜಿದ ಕಡೆ ಅಂಚು ಒಂದು ಪಕ್ಕಕ್ಕೆ ಸವೆದಿರುತ್ತದೆ. ಗುಂಡು ನಳಿಗೆಯನ್ನು ಬಿಡುವ ಆ ಕ್ಷಣದಲ್ಲಿ ಅನಿಲ ಎಲ್ಲ ಸುತ್ತಿನಿಂದಲೂ ಸಮನಾಗಿ ಹೊರಬರದಿದ್ದರೆ ಗುಂಡು ಓಲಾಡುತ್ತದೆ. ನನ್ನ ರೈಫಲ್ ಕೈಗೆ ಬಂದಾಗ ಖಾಲಿ ನಳಿಗೆಯ ಬಾಯಿಯ ಒಳ ಅಂಚಿನ ಸುತ್ತ ಹತ್ತಿಯ ಕಡ್ಡಿಯನ್ನು ಆಡಿಸಿ ನೋಡಿದೆ. ಕೆಳಗಡೆ ಒಂದೇ ಜಾಗದಲ್ಲಿ ಪ್ರತಿ ಸಲವೂ ಎಳೆಗಳು ಸಿಕ್ಕಿಕೊಳ್ಳುತ್ತಿದ್ದವು, ಭೂತಗನ್ನಡಿಯಲ್ಲಿ ಅಲ್ಲಿ, ಗುಂಡನ್ನು ತಿರುಗಿಸುವ ನಳಿಗೆಯೊಳಗಿನ ರೈಫ್ಲಿಂಗ್ ಗೆರೆಗಳ ತುದಿ ಮೊಂಡಾಗಿರುವುದು ಕಾಣುತ್ತಿತ್ತು. ಊರಿನ ಬಂದೂಕು ರಿಪೇರಿಯವರು ಆ ಅಂಚನ್ನು ಕೂದಲೆಳೆಯಷ್ಟು ಕತ್ತರಿಸಿ ಹೊಸದಾಗಿ ಸಮಮಾಡಿಕೊಟ್ಟ ಮೇಲೆ, ಐದು ಇಂಚು ಹರಡುತ್ತಿದ್ದ ಗುಂಡುಗಳು ಮೂರರೊಳಗೆ ಬಂದವು. ಈ ರೈಫಲ್ಲಿಗೆ ಮಾಡಿಸಿದ ಕೆಲಸಗಳಲ್ಲೆಲ್ಲ ಹೆಚ್ಚು ಫಲ ಕೊಟ್ಟದ್ದು ಇದೇ.

ಎರಡನೆಯದು ಸೈಟಿನ, ಅಂದರೆ ಕಣ್ಣಿಟ್ಟು ಗುರಿ ಹಿಡಿಯುವ ಸಾಧನದ ವಿಷಯ. ಮುಂದಿನ ಸೈಟಿನ ಹಿತ್ತಾಳೆಯ ಮಣಿ ಇಂಚಿನ ಹದಿನಾರನೇ ಒಂದರಷ್ಟು ದಪ್ಪವಿದ್ದರೂ ಕಣ್ಣಿನಿಂದ ನೋಡುವಾಗ 100 ಗಜದಾಚೆ ಆರೇಳು ಇಂಚು ಮರೆಮಾಡುತ್ತದೆ. ಅಷ್ಟನ್ನು ಮುಚ್ಚಿಕೊಂಡು ಗುರಿಯಿಡುವವರು ಎರಡು ಇಂಚಿನ ಫಲಿತಾಂಶವನ್ನು ಕೇಳುವುದು ನ್ಯಾಯವಲ್ಲ. ದುರ್ಬೀನು ಕೂರಿಸೋಣವೆಂದರೆ, ಹಳೆಯ 94 ಖಾಲಿ ತೋಟೆಯನ್ನು ನೇರ ಮೇಲಕ್ಕೆ ಎಸೆಯುತ್ತದೆ, ಮೇಲೆ ಕೂರಿಸಿದ ದುರ್ಬೀನು ಅದಕ್ಕೆ ಅಡ್ಡವಾಗುತ್ತದೆ. ಪಕ್ಕಕ್ಕೆ ಎಸೆಯುವ ತಿದ್ದುಪಡಿ ಬಂದದ್ದು 1982ರ ಹೊತ್ತಿಗೆ. ಕಂಪನಿ ತಯಾರಿಕೆಯ ಕ್ರಮವನ್ನು ಬದಲಿಸಿದ 1964ಕ್ಕೆ ಮುಂಚಿನ, ಸಂಗ್ರಾಹಕರು ಬಯಸುವ ರೈಫಲ್ಲಿಗೆ ಹೊಸ ತೂತು ಕೊರೆಸುವುದನ್ನು ನಾನು ಒಪ್ಪುವುದಿಲ್ಲ, ಅದರಿಂದ ಬೆಲೆಯೂ ರೂಪವೂ ಕೆಡುತ್ತವೆ. ನನ್ನ ರೈಫಲ್ಲಿನ ಎಡಬದಿಯಲ್ಲಿ ಮೊದಲೇ ಇದ್ದ ತೂತುಗಳಿಗೆ ಪೀಪ್ ಸೈಟ್ (ಸಣ್ಣ ರಂಧ್ರದ ಮೂಲಕ ನೋಡುವ ಹಿಂದಿನ ಸೈಟ್) ಹಾಕಿಸಿದೆ. ಎರಡು ಸೈಟುಗಳ ನಡುವಿನ ಅಂತರ ಹೆಚ್ಚಿತು, ರಂಧ್ರದ ನಡುವೆ ಮಣಿಯನ್ನು ಕಣ್ಣು ತಾನಾಗಿಯೇ ಕೂರಿಸಿಕೊಳ್ಳುತ್ತದೆ, ಮಬ್ಬುಬೆಳಕಿನಲ್ಲಿಯೂ ಅನುಕೂಲ.

ಕೊಳವೆಯಲ್ಲಿ ತೋಟೆಗಳು ಒಂದರ ಹಿಂದೊಂದು ಮಲಗುವುದರಿಂದ ಚೂಪು ಮೂತಿಯ ಗುಂಡನ್ನು ಬಳಸುವಂತಿಲ್ಲ. ಒದೆತಕ್ಕೆ ಅದು ಮುಂದಿನ ತೋಟೆಯ ಪ್ರೈಮರನ್ನು (ತೋಟೆಯ ಹಿಂಬದಿಯಲ್ಲಿ ಪೆಟ್ಟಿಗೆ ಸಿಡಿಯುವ ಗುಂಡಿ) ಕುಟ್ಟಿ ಸಿಡಿಸೀತು. ಚಪ್ಪಟೆ ಮೂತಿಯ ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. 170 ಗ್ರೇನ್ (ಸುಮಾರು 11 ಗ್ರಾಂ) ತೂಕದ ಗುಂಡು ಸೆಕೆಂಡಿಗೆ ಸುಮಾರು 2,200 ಅಡಿ ವೇಗದಲ್ಲಿ ಹೊರಟು, 100 ಗಜಕ್ಕೆ ಸರಿಪಡಿಸಿದ ಗುರಿಯಿಂದ 200 ಗಜದಲ್ಲಿ ಎಂಟು–ಒಂಬತ್ತು ಇಂಚು ಕೆಳಗೆ ಬೀಳುತ್ತದೆ. ಹಾರ್ನಡಿ ಕಂಪನಿಯ ಮೆತ್ತನೆ ಪಾಲಿಮರ್ ತುದಿಯ ತೋಟೆಗಳು ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿವೆ, ಆದರೆ ನನ್ನ ನಳಿಗೆಗೆ ಹಳೆಯ 170 ಗ್ರೇನೇ ಹೆಚ್ಚು ಒಗ್ಗಿದೆ. ಮಲೆನಾಡಿನ ಜೋಡುನಳಿಗೆ ತೋಟೆಕೋವಿಯನ್ನಷ್ಟೇ ಬಲ್ಲವರಿಗೆ ಇದು ಸಣ್ಣ ವ್ಯತ್ಯಾಸವೆನಿಸಬಹುದು. ರೈಫಲ್ಲಿನಲ್ಲಿ ಒಂದೇ ಅಳತೆಯ ಎರಡು ಬಗೆಯ ತೋಟೆಗಳು ಮೂರು ಇಂಚು ಅಂತರದಲ್ಲಿ ಬೀಳುವುದು ಸಾಮಾನ್ಯ ಸಂಗತಿ.

ಗುರಿಯೊಂದೇ ಮುಖ್ಯವಾದರೆ ಬೇರೆ ಆಯ್ಕೆಗಳೂ ಇವೆ. 1948ರಲ್ಲಿ ಬಂದ ಮಾರ್ಲಿನ್ 336 ಖಾಲಿ ತೋಟೆಯನ್ನು ಪಕ್ಕಕ್ಕೆ ಎಸೆಯುತ್ತದೆ, ದುರ್ಬೀನಿಗೆ ಚಪ್ಪಟೆ ಜಾಗವಿದೆ, ಲಿವರಿನ ಒಂದು ತಿರುಪು ಬಿಚ್ಚಿದರೆ ಬೋಲ್ಟ್ ಹೊರಬಂದು ಹಿಂದಿನಿಂದಲೇ ನಳಿಗೆ ತೊಳೆಯಬಹುದು. ಸ್ಯಾವೇಜ್ 99ರಲ್ಲಂತೂ ಕೊಳವೆಯೇ ಇಲ್ಲ; ಸುತ್ತುವ ಮ್ಯಾಗಝೀನಿನಲ್ಲಿ ಚೂಪು ಗುಂಡುಗಳು ಧಾರಾಳವಾಗಿ ಕೂರುತ್ತವೆ. ಹೊಲಗಳಂಚಿನಲ್ಲಿ 200 ಗಜದಾಚೆಗೆ ಹಾರಿಸುವವರಿಗೆ ನಾನು 99ನ್ನೇ ಹೇಳುತ್ತೇನೆ. ಕಾಡಿನೊಳಗೆ ಇಡೀ ದಿನ ಒಂದೇ ಕೈಯಲ್ಲಿ ಹಿಡಿದು ನಡೆಯುವುದಾದರೆ ತೆಳುವಾದ, ಹಗುರವಾದ 94ಕ್ಕೆ ಸಮನಾದದ್ದನ್ನು ನಾನು ಕಂಡಿಲ್ಲ. ಅದರ ಸೈಟನ್ನು 100 ಗಜದಲ್ಲಿ ಎರಡು ಇಂಚು ಮೇಲೆ ಬೀಳುವಂತೆ ಕೂರಿಸಿದ್ದೇನೆ. 150 ಗಜದ ಸುಮಾರಿಗೆ ಗುಂಡು ಗುರಿಗೆ ಸರಿಯಾಗಿ ಇಳಿಯುತ್ತದೆ, ಅದಕ್ಕಿಂತ ದೂರದ ಜಿಂಕೆಯ ಮೇಲೆ ನಾನು ಹಾರಿಸುವುದಿಲ್ಲ.