ಚಾಕುವಿನ ಮೇಲೆ 18/10 ಅಂತ ಇದ್ದರೆ ಅದನ್ನು ಅಲ್ಲೇ ಬಿಟ್ಟುಬನ್ನಿ

ಎಡಗೈ ತೋರುಬೆರಳಿಗೆ ಮೂರು ಹೊಲಿಗೆ ಹಾಕಿಸಿಕೊಂಡು ಬಂದು ಇದನ್ನು ಬರೆಯುತ್ತಿದ್ದೇನೆ. ಬೆರಳು ಸೀಳಿದ್ದು ಟೊಮೇಟೊ ಸಿಪ್ಪೆಯನ್ನೂ ಸೀಳಲಾರದ ಚಾಕು. ಅಲಗಿನ ಬಾಯಿ ಕಚ್ಚಲಿಲ್ಲ, ನಾನು ಒತ್ತಿದೆ, ಅದು ಜಾರಿತು. ಹರಿತವಾದ ಚಾಕುವಿಗೆ ಹೆದರುವವರು ನಿಜಕ್ಕೂ ಹೆದರಬೇಕಾದ್ದು ಮೊಂಡ ಚಾಕುವಿಗೆ.

ಕೊಂಡದ್ದು ಆರು ಚಾಕುಗಳ ಸೆಟ್. ಜೊತೆಗೆ ಮರದ ಸ್ಟ್ಯಾಂಡು, ಒಂದು ಕತ್ತರಿ. ಒಂದು ಒಳ್ಳೆಯ ಚಾಕುವಿನ ದುಡ್ಡಿಗೆ ಎಂಟು ಸಾಮಾನು ಬಂತಲ್ಲ ಅಂತ ಬೀಗಿದ್ದೆ. ಪ್ರತಿ ಅಲಗಿನ ಮೇಲೂ ‘18/10 ಸರ್ಜಿಕಲ್ ಸ್ಟೀಲ್’ ಅಂತ ಕೊರೆದಿತ್ತು. ಒಳ್ಳೆಯ ಪಾತ್ರೆಗಳ ತಳದಲ್ಲಿ ಅದೇ ಅಂಕಿ ನೋಡಿದ್ದೆ, ನಂಬಿಬಿಟ್ಟೆ.

ಮೊದಲ ವಾರ ಪರವಾಗಿಲ್ಲ ಅನಿಸಿತು. ಆಮೇಲೆ ಶುರುವಾಯಿತು ಸಾಣೆಯ ಕಥೆ. ಮಸೆದರೆ ಒಂದು ಸಂಜೆ ಚೆನ್ನಾಗಿ ಕತ್ತರಿಸುತ್ತದೆ, ಮರುದಿನ ಮತ್ತೆ ಮೊಂಡು. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡೆ. ಬೇರೆ ಸಾಣೆಕಲ್ಲು ತಂದೆ, ಕೋನ ಹಿಡಿಯುವುದನ್ನು ಕಲಿತೆ. ತಿಂಗಳುಗಟ್ಟಲೆ ಹೀಗೇ. ಕೊನೆಗೆ ಸಾಣೆ ಹಿಡಿಯುವವರೊಬ್ಬರ ಕೈಗೆ ಕೊಟ್ಟರೆ, ಎರಡು ಸಲ ಕಲ್ಲಿಗೆ ಎಳೆದು ವಾಪಸ್ ಕೊಟ್ಟರು. ‘ಇದಕ್ಕೆ ಹದವೇ ಇಲ್ಲ, ಚಮಚ ಮಸೆದ ಹಾಗೆ’ ಅಂದರು. ಮನೆಗೆ ಬಂದು ಫ್ರಿಜ್ಜಿನ ಮೇಲಿದ್ದ ಮ್ಯಾಗ್ನೆಟ್ ಹಿಡಿದು ನೋಡಿದೆ. ಅಲಗಿಗೆ ಅಂಟಲೇ ಇಲ್ಲ.

ಉಕ್ಕು ಗಡಸಾಗಲು ಇಂಗಾಲ ಬೇಕು, ತುಕ್ಕು ತಡೆಯಲು ಕ್ರೋಮಿಯಂ ಬೇಕು. ಸ್ಟೇನ್‌ಲೆಸ್ ಅನಿಸಿಕೊಳ್ಳಲು ಕ್ರೋಮಿಯಂ ಸುಮಾರು ಶೇ. 10.5 ಆದರೂ ಇರಬೇಕು. 18/10 ಅಂದರೆ ಶೇ. 18 ಕ್ರೋಮಿಯಂ, ಶೇ. 10 ನಿಕಲ್. ಇಂಗಾಲದ ಸುದ್ದಿಯೇ ಇಲ್ಲ, ಯಾಕೆಂದರೆ ಅದು ಇರುವುದೇ ಶೇ. 0.08ರ ಒಳಗೆ. ಪಾತ್ರೆಗೆ, ಚಮಚಕ್ಕೆ ಇದು ಉತ್ತಮ ಉಕ್ಕು. ಆದರೆ ಎಷ್ಟು ಕಾಯಿಸಿ ತಣಿಸಿದರೂ ಗಡಸಾಗುವ ಜಾತಿ ಅಲ್ಲ, ಹಾಗಾಗಿ ಬಾಯಿ ನಿಲ್ಲುವುದಿಲ್ಲ. ಮ್ಯಾಗ್ನೆಟ್ ಅಂಟದಿರುವುದೂ ಈ ಜಾತಿಯ ಗುರುತೇ. (ಕೆಲವರು ಹಿಡಿಯನ್ನು ಮಾತ್ರ ಇದರಲ್ಲಿ ಮಾಡುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ.) ಇನ್ನು ‘ಸರ್ಜಿಕಲ್’ ಅನ್ನೋದು ಗ್ರೇಡಿನ ಹೆಸರೇ ಅಲ್ಲ. ಯಾರು ಯಾವುದಕ್ಕೆ ಬೇಕಾದರೂ ಅಂಟಿಸಬಹುದು.

ಮ್ಯಾಗ್ನೆಟ್ ಅಂಟಿತು ಅಂದಮಾತ್ರಕ್ಕೆ ಚಾಕು ಒಳ್ಳೆಯದು ಅಂತಲೂ ಅಲ್ಲ. ಶೇ. 0.3ರ ಆಸುಪಾಸು ಇಂಗಾಲ ಇರುವ 420ಜೆ2, 3ಸಿಆರ್13 ಎಂಬ ಅಗ್ಗದ ಗ್ರೇಡಿನ ಉಕ್ಕುಗಳು ಕೂಡ ಚೆನ್ನಾಗೇ ಅಂಟುತ್ತವೆ. ಅವು ಬೇಗ ಮೊಂಡಾಗುತ್ತವೆ. ಆದರೂ ನನ್ನ ಸೆಟ್ಟಿಗಿಂತ ಎಷ್ಟೋ ವಾಸಿ.

ಬುದ್ಧಿ ಬಂತು ಅಂದುಕೊಳ್ಳಬೇಡಿ. ಎರಡನೇ ಸಲ ಅಲೆಅಲೆ ವಿನ್ಯಾಸದ ‘ಡಮಾಸ್ಕಸ್’ ಚಾಕುವಿಗೆ ಮರುಳಾದೆ. ನಿಜವಾದದ್ದರಲ್ಲಿ ಆ ಗೆರೆಗಳು ಉಕ್ಕಿನ ಪದರಗಳಿಂದ ಬರುತ್ತವೆ. ನನ್ನದರಲ್ಲಿ ಲೇಸರಿನಿಂದ ಬರೆದಿದ್ದರು, ಸಾಣೆಕಲ್ಲು ತಾಗಿದ ಕಡೆಯೆಲ್ಲ ಅಳಿಸಿಹೋಯಿತು. ಮೇಲೆ ಥಳುಕು, ಒಳಗೆ ಹುಳುಕು.

ಈಗ ಬಳಸುತ್ತಿರುವುದು ಒಂದೇ ಚಾಕು. ಅಲಗಿನ ಮೇಲೆ ಎಕ್ಸ್50ಸಿಆರ್‌ಎಂಒವಿ15 ಅಂತಿದೆ, ಇದನ್ನೇ 1.4116 ಅಂತಲೂ ಬರೆಯುತ್ತಾರೆ. ಓದಲು ಕಷ್ಟವಾದರೂ ಗುಟ್ಟು ಸುಲಭ: 50 ಅಂದರೆ ಇಂಗಾಲ ಶೇ. 0.5, ಕೊನೆಯ 15 ಅಂದರೆ ಕ್ರೋಮಿಯಂ ಶೇ. 15. 5ಸಿಆರ್15ಎಂಒವಿ ಕೂಡ ಹೆಚ್ಚುಕಡಿಮೆ ಇದೇ. ಗಡಸುತನ 55ರಿಂದ 58 ಎಚ್‌ಆರ್‌ಸಿ (ಉಕ್ಕಿನ ಗಡಸುತನ ಅಳೆಯುವ ರಾಕ್‌ವೆಲ್ ಅಳತೆ) ಇದ್ದರೆ ಮನೆಗೆ ಸಾಕು. ವಿಜಿ10 ಥರದ ದುಬಾರಿ ಉಕ್ಕು 60ರ ಹತ್ತಿರ ಹೋಗುತ್ತದೆ, ಬಾಯಿ ಬಹಳ ದಿನ ನಿಲ್ಲುತ್ತದೆ. ಆದರೆ ಮೂಳೆಗೋ ಫ್ರೀಜರಿನಿಂದ ತೆಗೆದ ಗಟ್ಟಿ ಪದಾರ್ಥಕ್ಕೋ ಹೊಡೆದರೆ ಚಕ್ಕೆ ಏಳುತ್ತದೆ. ನನ್ನಂಥ ಒರಟು ಕೈಗೆ ಬೇಡ.

ಗ್ರೇಡು ಸರಿಯಿದ್ದೂ ಹದ, ಅಂದರೆ ಕಾಯಿಸಿ ತಣಿಸಿ ಗಡಸು ಮಾಡುವ ಕೆಲಸ, ತಪ್ಪಿದರೆ ಅದೇ ಗೋಳು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿದಾಗ, ‘ಕತ್ತರಿಸದ ಚಾಕು ಕಂಡುಹಿಡಿದವನು’ ಅಂತ ಚಾಕು ಮಾಡುವವರೇ ಅವನನ್ನು ಹಂಗಿಸಿದ್ದರಂತೆ. ಆ ಉಕ್ಕು ಹದವಾಗಲು ಮಾಮೂಲಿಗಿಂತ ಹೆಚ್ಚು ಕಾವು ಬೇಕಿತ್ತು. ಅದಕ್ಕೇ ಎಚ್‌ಆರ್‌ಸಿ ಅಂಕಿಯನ್ನೂ ಕೇಳಿ.

ನಾನೂ ಕೇಳಿದೆ, ಬೆರಳು ಕೊಯ್ದುಕೊಂಡ ಮೇಲೆ. ಅಲಗು ಯಾವ ಗ್ರೇಡು, ಎಷ್ಟು ಎಚ್‌ಆರ್‌ಸಿ ಅಂತ ಆ ಸೆಟ್ ಮಾರಿದವರಿಗೆ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು: ‘ಅತ್ಯುತ್ತಮ ಗುಣಮಟ್ಟದ ಸ್ಟೀಲ್, ತುಕ್ಕು ಹಿಡಿಯುವುದಿಲ್ಲ.’ ಆ ಮಾತು ಸುಳ್ಳಲ್ಲ. ಇವತ್ತಿಗೂ ತುಕ್ಕು ಹಿಡಿದಿಲ್ಲ.