ಜಪಾನಿ ಸಂಖ್ಯೆ ಆ್ಯಪ್, 14 ತಿಂಗಳ ಬಳಕೆ: ಒಂಬತ್ತು ಸಾವಿರದವರೆಗೆ ಬಂಗಾರ, ಆಮೇಲೆ ನಾವೇ ದಾರಿ ಹುಡುಕ್ಕೋಬೇಕು

ನಾವಿರೋದು ಟೋಕಿಯೋದ ನಿಶಿಕಸಾಯಿಲಿ, ನನ್ನ ಆಫೀಸು ಓಟೆಮಾಚಿ ಕಡೆ. ಬಂದ ಹೊಸದ್ರಲ್ಲಿ "ಇಕುರಾ ದೆಸ್ ಕಾ", ಅಂದ್ರೆ ಎಷ್ಟು ಅಂತ ಕೇಳೋಕೆ ಎರಡೇ ದಿನದಲ್ಲಿ ಬಂತು, ಆದ್ರೆ ಅಂಗಡಿಯವರು ಹೇಳೋ ಉತ್ತರ ಮಾತ್ರ ಒಂದಕ್ಷರ ತಲೆಗೆ ಹೋಗ್ತಿರ್ಲಿಲ್ಲ. ಅದಕ್ಕೇ ಬರೀ ಸಂಖ್ಯೆ, ಬೆಲೆ ಕಲಿಸೋ ಒಂದು ಆ್ಯಪ್ ವರ್ಷಕ್ಕೆ 6,800 ಯೆನ್ ಕೊಟ್ಟು ತಗೊಂಡೆ. ಒಂದ್ಸಲ ರಿನ್ಯೂ ಕೂಡ ಮಾಡಿಸಿದೀನಿ.

ಮೊದಲು ಇಷ್ಟ ಆದದ್ದು ಹೇಳ್ತೀನಿ. ಇದರಲ್ಲಿ ಕೇಳಿ-ಒತ್ತು ಅನ್ನೋ ಅಭ್ಯಾಸ ಇದೆ, ಒಂದು ಧ್ವನಿ ಬೆಲೆ ಹೇಳತ್ತೆ, ನಾವು ಅಂಕೆ ಒತ್ತಬೇಕು, ಅಷ್ಟೇ. ದಿನಾ ಬೆಳಿಗ್ಗೆ ತೋಜೈ ಲೈನಲ್ಲಿ ಕಾಲಿಡೋಕೆ ಜಾಗ ಇರಲ್ಲ, ಒಂದ್ ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ಫೋನು, ಕಿವೀಲಿ ಇಯರ್‌ಫೋನು. ನಿಶಿಕಸಾಯಿ ಬಿಟ್ಟು ಅರಾಕಾವಾ ನದಿ ಸೇತುವೆ ದಾಟಿ ರೈಲು ನೆಲದೊಳಗೆ ಇಳಿಯೋ ಹೊತ್ತಿಗೆ ಇಪ್ಪತ್ತು ಬೆಲೆ ಮುಗಿದಿರತ್ತೆ, ಓಟೆಮಾಚಿ ಬರೋದ್ರೊಳಗೆ ಅರವತ್ತು. ಮಳೆ ಬರ್ಲಿ, ಜ್ವರ ಬರ್ಲಿ, ಇದೊಂದು ತಪ್ಪಿಸಿಲ್ಲ.

ನಮಗೆ ಕನ್ನಡದವರಿಗೆ ಇದರಲ್ಲಿ ಒಂದು ಸುಖ ಇದೆ, ಯಾರೂ ಹೇಳಿರ್ಲಿಲ್ಲ. ನೂರಕ್ಕೆ ಹ್ಯಾಕು, ಆದ್ರೆ ಮುನ್ನೂರು ಸಾನ್‌ಹ್ಯಾಕು ಅಲ್ಲ, ಸಂಬ್ಯಾಕು. ಆರುನೂರು ರೊಪ್ಪ್ಯಾಕು, ಎಂಟುನೂರು ಹಪ್ಪ್ಯಾಕು, ಮೂರು ಸಾವಿರ ಸಂಜೆನ್, ಎಂಟು ಸಾವಿರ ಹಸ್ಸೆನ್. ಕ್ಲಾಸಲ್ಲಿ ಬೇರೆ ದೇಶದವರು ಇದನ್ನ ಅಪವಾದ ಅಂತ ಬಾಯಿಪಾಠ ಮಾಡ್ತಿದ್ರು. ನನಗೆ ಹೈಸ್ಕೂಲಿನ ಆದೇಶ ಸಂಧಿ ನೆನಪಾಯ್ತು, ಕಣ್ ಪನಿ ಸೇರಿ ಕಂಬನಿ ಆಗತ್ತಲ್ಲ, ಸಂಬ್ಯಾಕು ಬಾಯಲ್ಲಿ ತಿರುಗೋದೂ ಹಾಗೇ. ಹಪ್ಪಳ ಅನ್ನೋ ನಾಲಿಗೆಗೆ ಹಪ್ಪ್ಯಾಕು ಏನು ಕಷ್ಟ? ಮೂರೇ ವಾರದಲ್ಲಿ 9,999ರವರೆಗೆ ಯಾವ ಬೆಲೆ ಹೇಳಿದ್ರೂ ತಪ್ಪದೆ ಒತ್ತೋ ಹಾಗಾಯ್ತು. ಅಲ್ಲೀತನಕ ಐದಕ್ಕೆ ಐದು ಸ್ಟಾರ್.

ತೊಂದರೆ ಶುರು ಆಗೋದು ಹತ್ತು ಸಾವಿರದಿಂದ. ಜಪಾನಿನಲ್ಲಿ ಹತ್ತು ಸಾವಿರಕ್ಕೇ ಒಂದು ಹೆಸರಿದೆ, ಮಾನ್. ಅಲ್ಲಿಂದ ಮುಂದೆ ಎಣಿಕೆ ಎಲ್ಲಾ ಮಾನ್ ಲೆಕ್ಕದಲ್ಲೇ. ಈ ಆ್ಯಪ್ ಅದನ್ನ ಕಲಿಸೋದು ಪೂರ್ತಿ ಇಂಗ್ಲಿಷಿನ ಥೌಸಂಡು ಮಿಲಿಯನ್ನಿನ ಮೂಲಕ. 'ಫೋರ್ ಹಂಡ್ರೆಡ್ ಟ್ವೆಂಟಿ ಥೌಸಂಡ್' ಅಂತ ತೋರಿಸಿ ಯೊಂಜೂನಿ ಮಾನ್, ಅಂದ್ರೆ ನಲವತ್ತೆರಡು ಮಾನ್, ಅನ್ನಿ ಅನ್ನತ್ತೆ. ನನ್ನ ತಲೆ ಇಂಗ್ಲಿಷಿಂದ ಲಕ್ಷಕ್ಕೆ ಹೋಗಿ, ಲಕ್ಷದಿಂದ ಮಾನ್‌ಗೆ ಬರಬೇಕು, ಅಷ್ಟರಲ್ಲಿ ಎದುರಿಗಿದ್ದವರು ಮುಂದಿನ ಮಾತಿಗೆ ಹೋಗಿರ್ತಾರೆ.

ಮನೆ ಬದಲಾಯಿಸುವಾಗ ಇದರ ಬಿಸಿ ತಟ್ತು. ಬಾಡಿಗೆ ಹಚಿಮಾನ್ ಗೊಸೆನ್, ಅಂದ್ರೆ 85,000, ಅದು ಸರಿಯಾಗೇ ತಿಳೀತು. ಒಳಗೆ ಹೋಗೋಕೆ ಮೊದಲೇ ಕಟ್ಟೋದೆಲ್ಲಾ ಸೇರಿ ಎಷ್ಟು ಅಂತ "ಜೆಂಬು ದೆ ಇಕುರಾ ದೆಸ್ ಕಾ" ಅಂತ ಕೇಳಿದೆ. ಏಜೆಂಟು ಯೊಂಜೂನಿ ಮಾನ್ ಅಂದ್ರು. ನಲವತ್ತೆರಡು ಅಂತ ಕೇಳಿಸ್ತು, ಅಭ್ಯಾಸಬಲದಲ್ಲಿ ಮುಂದೆ ಸಾವಿರ ಸೇರಿಸಿಕೊಂಡೆ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವಳು, ಇಲ್ಲಿ ಎಷ್ಟು ಕಡಿಮೆ ನೋಡಿ ಅಂತ ನಮ್ಮನೆಯವರಿಗೆ ಖುಷಿಯಾಗಿ ಹೇಳಿದೆ. ಮಾರನೇ ದಿನ ಬಂದ ಕಾಗದದಲ್ಲಿ ಡೆಪಾಸಿಟ್ಟು, ಮಾಲೀಕರಿಗೆ ಕಾಣಿಕೆ ಅಂತ ಕೊಡೋ ರೇಕಿನ್, ಏಜೆಂಟರ ಫೀಸು ಎಲ್ಲಾ ಸೇರಿ 4,20,000. ಊರಿಗೆ ಹೋಗೋಕೆ ಅಂತ ಎತ್ತಿಟ್ಟಿದ್ದ ದುಡ್ಡು ಅಲ್ಲಿಗೇ ಹೋಯ್ತು. ಅವತ್ತು ರಾತ್ರಿ ಆ್ಯಪ್ ತೆಗೆದುಹಾಕೋಣ ಅನ್ನಿಸ್ತು, ನಿಜವಾಗ್ಲೂ ಬೇಜಾರಾಗಿತ್ತು.

ದಾರಿ ಸಿಕ್ಕಿದ್ದು ಮನೆ ಲೆಟರ್ ಬಾಕ್ಸಲ್ಲಿ. ಇಲ್ಲಿ ಅಪಾರ್ಟ್‌ಮೆಂಟ್ ಮಾರೋ ಚಿರಾಶಿ, ಅಂದ್ರೆ ಜಾಹೀರಾತು ಚೀಟಿ, ಬಂದು ಬೀಳ್ತಾನೇ ಇರತ್ತೆ. ಒಂದರಲ್ಲಿ 3,480 ಅಂತ ದಪ್ಪಕ್ಕೆ ಹಾಕಿ ಪಕ್ಕದಲ್ಲಿ ಮೂರೇ ಗೆರೆಯ ಮಾನ್ ಅಕ್ಷರ. ನಮ್ಮನೆಯವರು ಅದನ್ನ ನೋಡ್ತಾ "ಮೂರು ಕೋಟಿ ನಲವತ್ತೆಂಟು ಲಕ್ಷ ಕಣೇ" ಅಂದ್ರು. ಹೇಗೆ ಅಂತ ಕೇಳಿದ್ರೆ, ಹತ್ತು ಮಾನ್ ಅಂದ್ರೆ ಒಂದು ಲಕ್ಷ, ಸಾವಿರ ಮಾನ್ ಅಂದ್ರೆ ಒಂದು ಕೋಟಿ, ಅಷ್ಟೇ ಅಲ್ವಾ, ಸಾವಿರದ ಜಾಗದಲ್ಲಿರೋದು ಕೋಟಿ, ಮಿಕ್ಕಿದ್ದರಲ್ಲಿ ಕೊನೇ ಸೊನ್ನೆ ಬಿಟ್ರೆ ಲಕ್ಷ. ಮಿಲಿಯನ್ನೇ ಬೇಡ! ಯೊಂಜೂನಿ ಮಾನ್ ಅಂದ್ರೆ 42, ಹತ್ತರಿಂದ ಭಾಗಿಸಿದ್ರೆ ನಾಲ್ಕು ಲಕ್ಷ ಇಪ್ಪತ್ತು ಸಾವಿರ. ಓಕು ಬಂದ್ರೆ ಹತ್ತು ಕೋಟಿ. ಇನ್ನೊಂದು ಮಾತು, ಹತ್ತು ಸಾವಿರಕ್ಕೆ ನಮ್ಮಲ್ಲೂ ಅಯುತ ಅಂತ ಹಳೇ ಹೆಸರಿದೆ, ಸಹಸ್ರ ಅಯುತ ಲಕ್ಷ ಅಂತ ಅಜ್ಜ ಎಣಿಸೋದು ಕೇಳಿದ್ದೆ, ಅದೇ ಮಾನ್. ಅಯುತ ಅಂತ ಮನಸ್ಸಲ್ಲಿ ಕೂತ ಮೇಲೆ ಮಾನ್ ಪರಕೀಯ ಅನ್ನಿಸೋದು ನಿಂತೋಯ್ತು.

ಆಮೇಲೆ ಸೆಟ್ಟಿಂಗಲ್ಲಿ ಹುಡುಕಿದ್ರೆ ಇಂಗ್ಲಿಷ್ ಮರೆಮಾಡಿ ಬರೀ ಅಂಕೆ ತೋರಿಸೋ ಆಯ್ಕೆ ಇತ್ತು, ಒಂಬತ್ತು ತಿಂಗಳು ನನಗೆ ಗೊತ್ತೇ ಇರ್ಲಿಲ್ಲ. ಅದು ಹಾಕಿದ ಮೇಲೆ ಆ್ಯಪ್ ಮತ್ತೆ ಹತ್ತಿರ ಆಯ್ತು. ಕಾಮಾ ಮಾತ್ರ ಈಗಲೂ ಮೂರಂಕೆಗೇ ಬೀಳತ್ತೆ, ಇಲ್ಲಿನ ಬೆಲೆಚೀಟಿಗಳಲ್ಲೂ ಹಾಗೇ ಇರೋದ್ರಿಂದ ಅದನ್ನ ಆ್ಯಪ್ ತಪ್ಪು ಅನ್ನಲ್ಲ, ನಾನು ಬಲಗಡೆಯಿಂದ ನಾಲ್ಕಂಕೆ ಹೆಬ್ಬೆರಳಲ್ಲಿ ಮುಚ್ಚಿ ಉಳಿದದ್ದನ್ನ ಮಾನ್ ಅಂತ ಓದ್ತೀನಿ.

ಇನ್ನೊಂದು ಕೊರತೆ, ಆ್ಯಪಲ್ಲಿ ಎಲ್ಲಾ ಬೆಲೆನೂ 'ಎನ್ ದೆಸ್', ಅಂದ್ರೆ ಇಷ್ಟು ಯೆನ್, ಅಂತ ಮುಗಿಯತ್ತೆ, ಕೌಂಟರಲ್ಲಿ ಹೇಳೋದು 'ಎನ್ ನಿ ನರಿಮಾಸ್', ಇಷ್ಟು ಯೆನ್ ಆಗತ್ತೆ ಅಂತ, ನೋಟು ಕೊಟ್ರೆ 'ಇಚಿಮಾನ್ ಎನ್ ಒಅಜುಕಾರಿ ಶಿಮಾಸ್', ಹತ್ತು ಸಾವಿರ ಯೆನ್ ತಗೊಂಡಿದೀನಿ ಅಂತ. ನಾಲ್ಕು ಯೆನ್‌ಗೆ ಯೊನ್ ಎನ್ ಅಲ್ಲ, ಯೊಎನ್. ಇವೆಲ್ಲಾ ನಾನು ಕಲಿತಿದ್ದು ತರಕಾರಿ ಅಂಗಡೀಲಿ. ಅಲ್ಲಿ ಈರುಳ್ಳಿ ಮುಂದೆ ರಟ್ಟಿನ ಮೇಲೆ ಹಿತೊಯಾಮಾ 200 ಅಂತ ಬರೆದಿರ್ತಾರೆ, ಯಾಮಾ ಅಂದ್ರೆ ಬೆಟ್ಟ, ಅಂದ್ರೆ ನಮ್ಮ ಸಂತೇಲಿ ಗುಡ್ಡೆ ಲೆಕ್ಕ ಅಂತೀವಲ್ಲ, ಅದೇ!

ಹೊಸಬರು ತಗೊಳ್ಳೋದಾದ್ರೆ ವರ್ಷದ್ದು ಬೇಡ, ತಿಂಗಳ ಪ್ಲಾನ್ ಮೂರು ತಿಂಗಳು ಸಾಕು. ಮೊದಲನೇ ದಿನವೇ ಇಂಗ್ಲಿಷ್ ಮರೆಮಾಡಿ. ವೇಗ ನಾರ್ಮಲ್‌ನಿಂದಲೇ ಶುರು ಮಾಡಿ, ನಿಧಾನದ ಧ್ವನಿಗೆ ಕಿವಿ ಒಗ್ಗಿದ್ರೆ ಅಂಗಡಿಯವರ ಮಾತು ಹಿಡಿಯೋಕೆ ಆಗಲ್ಲ. ನಾನು ಮೂರೂವರೆ ಸ್ಟಾರ್ ಕೊಡ್ತೀನಿ.